ಯಾರೂ ಆರಿಸದ ಪಿಚರ್

“ಕೋಲ್ ಹ್ಯಾರಿಗನ್.”

ಆ ಹೆಸರು ಬಾಯಿಂದ ಬಿದ್ದದ್ದೇ ತಡ, ಆರ್ಕೇಡ್ ಬಾರಿನ ಗದ್ದಲ ನಿಂತುಹೋಯಿತು. ಕೋಳಿ ರೆಕ್ಕೆ ಕಚ್ಚುತ್ತಿದ್ದ ಹಲ್ಲಿನ ಡಾಕ್ಟರ್ ಲೂ ಪೆಲಿಗ್ರೀನೊ ಕಚ್ಚಿದ್ದನ್ನು ಹಾಗೇ ಬಾಯಲ್ಲಿಟ್ಟುಕೊಂಡು ಕುಳಿತ. ಬಾರಿನ ಕಟ್ಟೆಯ ಹಿಂದೆ ಬರ್ನಡೆಟ್ ಗ್ಲಾಸು ಒರೆಸುವುದನ್ನು ಬಿಟ್ಟಳು. ಎಲ್ಲರೂ ಮೂಲೆಯ ಮೇಜಿನತ್ತ ನೋಡಿದರು.

ಮೂಲೆಯ ಮೇಜಿನಲ್ಲಿ ಮಾರ್ನಿ ಹುದಾಕ್ ಕುಳಿತಿದ್ದಳು. ಅವಳ ಮುಖ ನಿಧಾನವಾಗಿ ಕೆಂಪೇರುತ್ತಿತ್ತು.

“ಯಾರು ಅಂದ್ರಿ?” ಅಂದಳು.

“ಕೋಲ್ ಹ್ಯಾರಿಗನ್. ‘ಕಡೆಯ ಎಸೆತ’ ಸಿನಿಮಾದ ಪಿಚರ್,” ಅಂದ ಆ ಹೊಸಬ, ಹಲ್ಲು ಬಿಟ್ಟುಕೊಂಡು. “ಇಷ್ಟು ಚೆನ್ನಾಗಿ ಬಾಲ್ ಎಸೆಯೋನನ್ನ ಇಷ್ಟು ವರ್ಷ ಯಾರೂ ಮುಟ್ಟಿಲ್ವಂತೆ. ನನ್ನ ಅದೃಷ್ಟ ನೋಡಿ.”

ಪಾಪ, ಯಾರಾದರೂ ಅವನಿಗೆ ಹೇಳಬೇಕಿತ್ತು…

ಚಳಿಗಾಲದ ಕೊನೆಯಲ್ಲಿ ನಮ್ಮ ಟ್ಯಾನರ್ಸ್ ಫೋರ್ಡಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಫುಟ್‌ಬಾಲ್ ಮುಗಿದಿರುತ್ತದೆ, ಬೇಸ್‌ಬಾಲ್ ಶುರುವಾಗಿರುವುದಿಲ್ಲ, ಉಕ್ಕಿನ ಕಾರ್ಖಾನೆ ಮುಚ್ಚಿ ಒಂದು ತಲೆಮಾರೇ ಕಳೆದಿದೆ. ಹಾಗಾಗಿ ಫುಟ್‌ಬಾಲ್ ಮುಗಿದ ಮರು ಭಾನುವಾರ ಮಧ್ಯಾಹ್ನ, ಆರ್ಕೇಡ್ ಚಿತ್ರಮಂದಿರದ ಮುಂಭಾಗದ ಬಾರಿನಲ್ಲಿ, ಊರಿನ ದೊಡ್ಡ ಮನುಷ್ಯರೆಲ್ಲ ಕೂಡಿ ಒಂದು ಮಕ್ಕಳಾಟ ಆಡುತ್ತಾರೆ. ಸಿನಿಮಾಗಳಲ್ಲಿ ಬರುವ ಬೇಸ್‌ಬಾಲ್ ಆಟಗಾರರನ್ನು ಸರದಿಯಂತೆ ಆರಿಸಿ ಒಬ್ಬೊಬ್ಬರೂ ಒಂಬತ್ತು ಜನರ ಕನಸಿನ ತಂಡ ಕಟ್ಟುವುದು. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಋತು ಶುರುವಾಗುವ ಮುನ್ನ ಕೈ ಎತ್ತಿ ಮತ ಹಾಕುತ್ತಾರೆ, ತನ್ನ ತಂಡಕ್ಕೆ ತಾನೇ ಕೈ ಎತ್ತುವಂತಿಲ್ಲ. ಗೆದ್ದವರು ಹೇಳಿದ ಸಿನಿಮಾವನ್ನು ಬರ್ನಡೆಟ್ ಒಳಗಿನ ದೊಡ್ಡ ಪರದೆಯಲ್ಲಿ ಊರಿಗೆಲ್ಲ ಪುಕ್ಕಟೆ ತೋರಿಸುತ್ತಾಳೆ.

ಪ್ರತಿ ವರ್ಷ ಗೆಲ್ಲುತ್ತಿದ್ದವಳು ಮಾರ್ನಿ. ಊರಿನಲ್ಲಿ ಬೇಸ್‌ಬಾಲ್ ಸಿನಿಮಾ ಕಂಡರೆ ಆಗದವಳೂ ಅವಳೇ.

ಹೈಸ್ಕೂಲಿನ ಹುಡುಗಿಯರಿಗೆ ಆಟ ಕಲಿಸುತ್ತಿದ್ದ ಮಾರ್ನಿಗೆ ಪರದೆಯ ಮೇಲಿನ ಆಟಗಾರರ ಮೊಣಕೈ, ಹೆಜ್ಜೆ, ಓಟ ಎಲ್ಲವೂ ಅಸಹ್ಯ. ಬಾಲ್ ಆಕಾಶಕ್ಕೆ ಹಾರಿದಾಗ ಪಿಟೀಲು ಕೊಯ್ಯುವುದು ಇನ್ನೂ ಅಸಹ್ಯ. ಯಾರನ್ನು ಕಂಡರೆ ಕಡಿಮೆ ಹೇಸಿಗೆಯೋ ಅವನನ್ನು ಆರಿಸುತ್ತಿದ್ದಳು, ಹಾಗಾಗಿಯೇ ಗೆಲ್ಲುತ್ತಿದ್ದಳು. ಗೆದ್ದ ಮೇಲೆ ಊರಿಗೆ ಪೆಂಗ್ವಿನ್‌ಗಳ ಚಿತ್ರ ಹಾಕಿಸುತ್ತಿದ್ದಳು. ಪೆಂಗ್ವಿನ್‌ಗಳ ನಡಿಗೆ ನಮ್ಮೂರಿನವರಿಗೆ ಬಾಯಿಪಾಠವಾಗಿತ್ತು.

ಆ ದಿನವೂ ಅವಳು ಚೆನ್ನಾಗಿಯೇ ಇದ್ದಳು. ಸತ್ತ ಅಜ್ಜಿಯ ಜೊತೆ ಮಾತಾಡುತ್ತಾ ಬ್ಯಾಟ್ ಬೀಸುವ ನಾಯಕನನ್ನು ಲೂ ಆರಿಸಿದಾಗ, “ಡಾಕ್ಟ್ರೇ, ಅವನು ಬ್ಯಾಟ್ ಹಿಡಿಯೋದು ನೋಡಿದೀರಾ? ನಮ್ಮಮ್ಮ ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಡಿತಾನೆ. ಅಜ್ಜಿ ಸತ್ತಿದ್ದೇ ಅದನ್ನ ನೋಡಿ ಇರ್ಬೇಕು,” ಅಂದಿದ್ದಳು. ಎಲ್ಲರೂ ನಕ್ಕಿದ್ದರು.

ಈಗ ಯಾರೂ ನಗಲಿಲ್ಲ.

“ನೀವು ರೇಡಿಯೊದವರಲ್ವಾ?” ಮಾರ್ನಿ ಎದ್ದು ಅವನ ಮೇಜಿನ ಹತ್ತಿರ ಬಂದಳು.

“ಹೌದು. ಗ್ರೇಡಿ ಟಾಲಿವರ್. ನಿಮ್ಮೂರ ತಂಡದ ಆಟಗಳನ್ನ ಈ ವರ್ಷದಿಂದ ನಾನೇ…”

“ಹೆಸರು ಕೇಳ್ಲಿಲ್ಲ. ಬೇರೆಯವರು ಮಾಡೋದನ್ನ ನೋಡ್ತಾ ಬಾಯಿ ಬಡ್ಕೊಳ್ಳೋದು ನಿಮ್ಮ ಕೆಲಸ ಅಂತ ಗೊತ್ತು. ನೀವು ಹೇಳಿದ ಸಿನಿಮಾದಲ್ಲಿ ಪಿಚರ್ ಇಲ್ಲ ಕಣ್ರೀ. ಕನ್ನಡಿ ಮುಂದೆ ನೋವಿನ ಮುಖ ಮಾಡೋದು ಕಲ್ತ ಒಬ್ಬ ನಟ ಇದಾನೆ. ಬರ್ನಡೆಟ್ ನಾಯಿಗೆ ಬಿಸ್ಕತ್ತು ಎಸೆಯೋಕೂ ಅವನಿಗೆ ಬರಲ್ಲ.”

“ಮುಖ ಸುಳ್ಳಿರಬಹುದು,” ಅಂದ ಗ್ರೇಡಿ. ಅವನ ನಗು ಸ್ವಲ್ಪ ಇಳಿದಿತ್ತು, ದನಿ ಮಾತ್ರ ಇಳಿದಿರಲಿಲ್ಲ. “ಆದ್ರೆ ಆ ಎಸೆತ ಸುಳ್ಳಲ್ಲ. ಆ ತೋಳು…”

“ತೋಳಿನ ಮಾತು ಬೇಡ.”

ಬರ್ನಡೆಟ್ ಕಟ್ಟೆಯ ಹಿಂದಿನಿಂದ ಕೆಮ್ಮಿದಳು. ಗ್ರೇಡಿ ಸುತ್ತ ನೋಡಿದ. ತಾನು ಏನನ್ನೋ ತುಳಿದಿದ್ದೇನೆಂದು ಅವನಿಗೆ ಗೊತ್ತಾಯಿತು, ಏನನ್ನು ಎಂದು ಗೊತ್ತಾಗಲಿಲ್ಲ.

“ಬೇಸ್‌ಬಾಲ್‌ನಲ್ಲಿ ಬರೆಯದ ನಿಯಮಗಳು ಅಂತ ಇರ್ತವೆ. ಗೊತ್ತಾ?” ಅಂದಳು ಮಾರ್ನಿ.

“ಗೊತ್ತು.”

“ಮುರಿದೋನಿಗೆ ಏನಾಗುತ್ತೆ?”

“ಮುಂದಿನ ಸಲ ಬ್ಯಾಟ್ ಹಿಡಿದಾಗ ಪಿಚರ್ ಅವನ ಪಕ್ಕೆಗೆ ಬಾಲ್ ಬಾರಿಸ್ತಾನೆ,” ಅಂದ ಗ್ರೇಡಿ. “ಹೊಡೆಸ್ಕೊಂಡೋನು ನೋವಾದ ಜಾಗ ತಿಕ್ಕಿಕೊಳ್ಳದೆ ಸುಮ್ನೆ ಮೈದಾನದ ಮೊದಲ ಮೂಲೆಗೆ, ಮೊದಲ ಬೇಸ್‌ಗೆ, ನಡ್ಕೊಂಡು ಹೋಗ್ಬೇಕು. ಅಲ್ಲಿಗೆ ಲೆಕ್ಕ ಚುಕ್ತಾ.”

“ಹಾಗಾದ್ರೆ ನಿಮ್ಮ ಪಕ್ಕೆ ನನಗೆ ಬಾಕಿ ಇದೆ. ನೆನಪಿಟ್ಕೊಳ್ಳಿ.”

ಅವಳು ಕೋಟು ಎತ್ತಿಕೊಂಡು ಹೊರಟೇಹೋದಳು. ಬಾಗಿಲು ಬಡಿದ ಸದ್ದಿಗೆ ಲೂ ಬಾಯಲ್ಲಿದ್ದದ್ದನ್ನು ನುಂಗಿದ.

*

ಗ್ರೇಡಿಗೆ ಕಥೆ ಹೇಳಿದವಳು ಬರ್ನಡೆಟ್.

ಮಾರ್ನಿ ತೊಡೆಮಗುವಾಗಿದ್ದಾಗ ‘ಕಡೆಯ ಎಸೆತ’ ನಮ್ಮೂರ ಮೈದಾನದಲ್ಲೇ ತಯಾರಾಯಿತು. ನಾಯಕ ನಟನಿಗೆ ಬಾಲ್ ಎಸೆಯಲು ಬರುತ್ತಿರಲಿಲ್ಲ. ಊರ ತಂಡದ ಪಿಚರ್, ಮಾರ್ನಿಯ ಅಪ್ಪ ಆ್ಯಂಡಿ ಹುದಾಕ್‌ನನ್ನು ಕರೆದು ಅದೇ ಅಂಗಿ ತೊಡಿಸಿದರು. ಮುಖ ಬೇಕಾದಲ್ಲಿ ನಟ, ಎಸೆತ ಬೇಕಾದಲ್ಲಿ ಆ್ಯಂಡಿ. ಬೆಳಕು ಸರಿಯಿಲ್ಲ, ಮೋಡ ಬಂತು ಎಂದು ಬೆಳಗಿನಿಂದ ಸಂಜೆಯವರೆಗೆ ಎಸೆಸಿದ್ದೇ ಎಸೆಸಿದ್ದು. ಕೊನೆಗೆ ಅವನ ಭುಜ ಹರಿಯಿತು. ದೊಡ್ಡ ತಂಡವೊಂದು ಆ ಬೇಸಿಗೆಯಲ್ಲೇ ಅವನನ್ನು ನೋಡಲು ಬರುವುದಿತ್ತು… ಬರಲಿಲ್ಲ. ಸಿನಿಮಾದ ಕೊನೆಯಲ್ಲಿ ಊಟ ತಂದವನ ಹೆಸರು ಬಂತು, ಆ್ಯಂಡಿಯದು ಬರಲಿಲ್ಲ.

“ಅವನು ತೀರ್ಕೊಂಡು ಎರಡು ಚಳಿಗಾಲ ಆಯ್ತು,” ಅಂದಳು ಬರ್ನಡೆಟ್. “ಆ ಸಿನಿಮಾನ ಮಾರ್ನಿ ಇವತ್ತಿಗೂ ನೋಡಿಲ್ಲ. ನಾವು ಯಾರೂ ಹ್ಯಾರಿಗನ್‌ನ ಆರಿಸಲ್ಲ. ಯಾರೂ ಹೀಗೆ ಅಂತ ಹೇಳ್ಕೊಂಡಿಲ್ಲ. ಸುಮ್ನೆ ಆರಿಸಲ್ಲ, ಅಷ್ಟೆ.”

“ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?”

“ಹೇಳ್ಬಿಟ್ರೆ ಅದು ಬರೆಯದ ನಿಯಮ ಹೇಗಾಗುತ್ತೆ?”

ನಮ್ಮೂರಿನವರ ಬುದ್ಧಿ ಇಷ್ಟು.

ಮರುದಿನ ಮಧ್ಯಾಹ್ನ ಗ್ರೇಡಿ ಕ್ಷಮೆ ಕೇಳಲು ಶಾಲೆಯ ಒಳಾಂಗಣ ಕ್ರೀಡಾಂಗಣಕ್ಕೆ ಹೋದ. ಹೊರಗೆ ಇನ್ನೂ ಹಿಮ ಬಿದ್ದಿತ್ತು. ಮಾರ್ನಿ ಹುಡುಗಿಯರಿಗೆ ಬ್ಯಾಟಿಂಗ್ ಅಭ್ಯಾಸಕ್ಕೆಂದು ಬಾಲ್ ಎಸೆಯುತ್ತಿದ್ದಳು. ಪ್ರತಿ ಸಲವೂ ಎಸೆಯುವ ಮುನ್ನ ಕೈಗವಸನ್ನು ಮೂಗಿನ ಮೇಲಕ್ಕೆ ತಂದು, ಬರೀ ಕಣ್ಣು ಕಾಣುವಂತೆ ಮುಖ ಮುಚ್ಚಿ, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು. ಆಮೇಲೆ ತೋಳು ಬೀಸುತ್ತಿದ್ದಳು.

ಗ್ರೇಡಿ ಬಾಗಿಲಲ್ಲೇ ನಿಂತುಬಿಟ್ಟ. ‘ಇದನ್ನ ನಾನು ನೋಡಿದೀನಿ…’

“ಏನ್ರೀ, ಇಲ್ಲೂ ಬಂದ್ರಾ?” ಮಾರ್ನಿಯ ದನಿ ಗೋಡೆಗೆ ಬಡಿದು ಬಂತು.

“ಕ್ಷಮಿಸಿ ಅಂತ ಹೇಳೋಕೆ ಬಂದೆ. ನನಗೆ ಗೊತ್ತಿರ್ಲಿಲ್ಲ. ಹ್ಯಾರಿಗನ್‌ನ ಬಿಟ್ಬಿಡ್ತೀನಿ.”

“ಬಿಡೋಕಾಗಲ್ಲ. ಆರಿಸಿದ ಮೇಲೆ ಆರಿಸಿದ ಹಾಗೇ. ಬೇಡ ಅಂದ್ರೆ ಯಾರ ಹತ್ರಾನಾದ್ರೂ ಅದಲು ಬದಲು ಮಾಡ್ಕೊಳ್ಳಿ.”

“ನಿಮ್ಮ ಹತ್ರ?”

“ನನಗೆ ಅವನನ್ನ ಕಟ್ಕೊಂಡು ಏನಾಗ್ಬೇಕು?”

“ಅವನ ಜೊತೆಗೆ ಬೇರೆ ಯಾರನ್ನಾದ್ರೂ ಕೊಡ್ತೀನಿ. ಮಾತಾಡೋಣ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅದಲು ಬದಲಿನ ಮಾತು ಎದುರು ಬದುರು ಕೂತು, ಏನಾದರೂ ತಿನ್ನುತ್ತಾ ಆಗಬೇಕು ಎಂಬುದು ಆರ್ಕೇಡಿನ ಪದ್ಧತಿ. ಫೋನಿನಲ್ಲಿ ಆದದ್ದು ನಡೆಯುವುದಿಲ್ಲ. ಕರೆದಾಗ ಬರುವುದಿಲ್ಲ ಎನ್ನುವಂತೆಯೂ ಇಲ್ಲ.

“ಶುಕ್ರವಾರ, ಚರ್ಚಿನ ನೆಲಮಾಳಿಗೆ,” ಅಂದಳು. “ಮೀನು ತಿನ್ನೋಕೆ ಹೇಗೂ ಬರ್ತೀನಿ. ನೀವು ಎದುರಿಗೆ ಕೂತ್ರೆ ಕೂತ್ಕೊಳ್ಳಿ.”

*

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ನಮ್ಮೂರು ಮಾಂಸ ಬಿಟ್ಟು ಕರಿದ ಮೀನು ತಿನ್ನುತ್ತದೆ. ತಟ್ಟೆಯಿಂದ ಹೊರಗೆ ಚಾಚಿಕೊಂಡ ಮೀನು, ಬೆಣ್ಣೆಯಲ್ಲಿ ಮುಳುಗಿದ ಪಿರೋಗಿ ಕಡುಬು, ಕೋಸು. ಇದನ್ನು ತ್ಯಾಗ ಎಂದು ಕರೆಯುವ ಧೈರ್ಯ ನಮ್ಮ ಪಾದ್ರಿಗೆ ಮಾತ್ರ ಇದೆ.

ಮೊದಲ ಶುಕ್ರವಾರ ಗ್ರೇಡಿ ಮೈದಾನದ ಎಡಬದಿ ಕಾಯುವ ತನ್ನ ಆಟಗಾರನನ್ನು ಮುಂದಿಟ್ಟ.

“ಯಾರು, ಬಾಲ್ ಹಿಡಿಯೋಕೆ ಮುಂಚೆ ಹುಡುಗಿ ಕಡೆ ತಿರುಗಿ ನಗೋನಾ?” ಮಾರ್ನಿ ಫೋರ್ಕಿನಿಂದ ಮೀನನ್ನು ಚುಚ್ಚಿದಳು. “ಅವನ ತಲೆ ಮೇಲೆ ಬಾಲ್ ಬಿದ್ದಿದ್ರೆ ಆ ಸಿನಿಮಾ ಅರ್ಧ ಗಂಟೆಲಿ ಮುಗೀತಿತ್ತು. ಎಷ್ಟು ಜನಕ್ಕೆ ಉಪಕಾರ ಆಗ್ತಿತ್ತು.”

“ಮೂರನೇ ಬೇಸಿನವನು? ಒಂಟಿಗಣ್ಣಿನವನು?”

“ಅವನ ಕಪ್ಪು ಪಟ್ಟಿ ಒಂದು ದೃಶ್ಯದಲ್ಲಿ ಎಡಗಣ್ಣಿಗೆ, ಇನ್ನೊಂದರಲ್ಲಿ ಬಲಗಣ್ಣಿಗೆ. ಯಾವ ಕಣ್ಣು ಕುರುಡು ಅಂತ ಅವನಿಗೇ ಗೊತ್ತಿಲ್ಲ, ಅಂಥೋನನ್ನ ನನಗೆ ಮಾರೋಕೆ ಬಂದಿದೀರಲ್ಲ, ನಾಚಿಕೆ ಆಗಲ್ವಾ?”

“ಇಷ್ಟೊಂದು ಬೈತೀರಲ್ಲ, ಇಷ್ಟೂ ಸಿನಿಮಾ ನೋಡಿದೀರಾ?”

“ಬೈಯೋಕಾದ್ರೂ ನೋಡ್ಬೇಕಲ್ಲ.”

ಗ್ರೇಡಿ ಜೋರಾಗಿ ನಕ್ಕ. ಪಕ್ಕದ ಮೇಜಿನ ಮುದುಕಿಯರು ತಿರುಗಿ ನೋಡಿದರು. ಮಾರ್ನಿಗೆ ಸಿಟ್ಟು ಬಂತು… ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ, ಕಾರಿನ ಗಾಜಿಗೆ ಹಿಮ ಬಡಿಯುವಾಗ, ಆ ನಗು ನೆನಪಾಗಿ ತನಗೂ ನಗು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಎರಡನೇ ಶುಕ್ರವಾರವೂ ಬಂದ. ಮೂರನೆಯದೂ. ಅವನು ತರುತ್ತಿದ್ದ ಪ್ರಸ್ತಾಪಗಳು ವಾರದಿಂದ ವಾರಕ್ಕೆ ಹದಗೆಡುತ್ತಾ ಹೋದವು. ಬೇಕೆಂದೇ ಕೆಟ್ಟದ್ದನ್ನು ತರುತ್ತಿದ್ದಾನೆ, ತನ್ನ ಬೈಗುಳ ಕೇಳಲಿಕ್ಕೇ ಬರುತ್ತಿದ್ದಾನೆ ಎಂದು ಮಾರ್ನಿಗೆ ಹೊಳೆಯಿತು. ಹೊಳೆದದ್ದನ್ನು ಹೇಳಲಿಲ್ಲ. ಹೇಳಿದರೆ ಅವನು ಬರುವುದನ್ನು ನಿಲ್ಲಿಸಿದರೆ?

‘ಛೀ, ನನಗೇನಾಗಿದೆ? ರೇಡಿಯೊದವನು. ಬಾಯಿಮಾತಿನವನು.’

“ನೀವು ಯಾವತ್ತಾದ್ರೂ ಆಡಿದೀರಾ?” ಎಂದು ಒಮ್ಮೆ ಕೇಳಿದಳು, ಆದಷ್ಟು ಕೊಂಕಾಗಿ.

“ಕಾಲೇಜಲ್ಲಿ ಕ್ಯಾಚರ್ ಆಗಿದ್ದೆ, ಪಿಚರ್ ಎಸೆದದ್ದನ್ನ ಹಿಡಿಯೋನು. ಬೆಂಚಿನ ಮೇಲೆ. ಕೂತು ಕೂತು ಮಾತಾಡೋದು ಕಲ್ತೆ.” ಅವನು ಪಿರೋಗಿಯನ್ನು ಎರಡು ಮಾಡಿ ಅರ್ಧವನ್ನು ಅವಳ ತಟ್ಟೆಗೆ ಹಾಕಿದ. “ಆದ್ರೆ ಒಳ್ಳೆ ತೋಳು ಯಾವ್ದು ಅಂತ ಗೊತ್ತಾಗುತ್ತೆ. ಅಷ್ಟೇ ನನಗೆ ಬರೋದು.”

ಅವಳು ಆ ಅರ್ಧವನ್ನು ನೋಡುತ್ತಾ ಕುಳಿತಳು. ಆಮೇಲೆ, ಯಾರಿಗೂ ಹೇಳದಿದ್ದನ್ನು ಹೇಳಿದಳು.

“ಅಪ್ಪ ಎಸೆಯೋದನ್ನ ನಾನು ನೋಡೇ ಇಲ್ಲ ಕಣ್ರೀ.”

ಗ್ರೇಡಿ ಫೋರ್ಕು ಕೆಳಗಿಟ್ಟ.

“ಎಲ್ಲಾ ಹೇಳ್ತಾರೆ, ಆ್ಯಂಡಿ ಹಾಗೆ ಎಸೀತಿದ್ದ, ಹೀಗೆ ಎಸೀತಿದ್ದ ಅಂತ. ನಾನು ಕಂಡಿದ್ದು ಭುಜ ಹೋದ ಮೇಲಿನ ಅಪ್ಪನ್ನ. ತಟ್ಟೆ ಎತ್ತೋಕೂ ಎಡಗೈ. ಹಿತ್ತಲಲ್ಲಿ ನನಗೆ ಕಲಿಸೋವಾಗ ಬಾಯಲ್ಲಿ ಹೇಳೋನು, ಕೈಲಿ ಅರ್ಧ ತೋರಿಸೋನು. ಕೈಗವಸು ಮೇಲೆ ತಗೋ, ಮುಖ ಮುಚ್ಚು, ತಡಿ, ಈಗ ಎಸಿ. ಯಾಕೆ ಮುಖ ಮುಚ್ಬೇಕು ಅಂದ್ರೆ ಹೇಳ್ತಿರ್ಲಿಲ್ಲ. ಬೇಸ್‌ಬಾಲ್ ವಿಷಯ ಬಂದ್ರೆ ನಗ್ತಾನೂ ಇರ್ಲಿಲ್ಲ.”

“ಆ ಸಿನಿಮಾದಲ್ಲಿ…”

“ಅದನ್ನ ನೋಡಲ್ಲ.” ಮಾರ್ನಿಯ ಮುಖ ಮತ್ತೆ ಬಿಗಿಯಾಯಿತು. “ನಮ್ಮಪ್ಪನ್ನ ಹಿಂಡಿ, ರಸ ಕುಡಿದು, ಸಿಪ್ಪೆ ಬಿಸಾಕಿದ ಜನ. ಅವರ ಪರದೆ ಮುಂದೆ ಹೋಗಿ ಕೂತು ತೋರಿಸಿ ಅಂತ ಬೇಡ್ಕೊಬೇಕಾ? ಸತ್ರೂ ಇಲ್ಲ.”

ಗ್ರೇಡಿ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಮಾತಿನಿಂದಲೇ ಅನ್ನ ತಿನ್ನುವವನು ಅವಳೆದುರು ಸುಮ್ಮನಾದದ್ದು ಅದೇ ಮೊದಲು. ಆ ಮೌನಕ್ಕೇ ಮಾರ್ನಿ ಸೋತಳು ಎಂದು ನನಗನ್ನಿಸುತ್ತದೆ.

*

ಮತದಾನದ ದಿನ ಆರ್ಕೇಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೂ ತನ್ನ ತಂಡದ ಪರವಾಗಿ ದೀರ್ಘ ಭಾಷಣ ಮಾಡಿ ಸತ್ತ ಅಜ್ಜಿಯ ಹತ್ತಿರ ಬಂದಾಗ ತಾನೇ ಕಣ್ಣೊರೆಸಿಕೊಂಡ. ಅವನಿಗೆ ಅವನ ಹೆಂಡತಿಯೂ ಕೈ ಎತ್ತಲಿಲ್ಲ.

ಗ್ರೇಡಿಯ ತಂಡಕ್ಕೂ ಮಾರ್ನಿಯ ತಂಡಕ್ಕೂ ಸಮ ಸಮ ಕೈಗಳು ಎದ್ದವು. ಗ್ರೇಡಿ ಮೊದಲೇ ಮಾರ್ನಿಗೆ ಕೈ ಎತ್ತಿಯಾಗಿತ್ತು. ಉಳಿದದ್ದು ಮಾರ್ನಿಯ ಕೈ ಒಂದೇ.

“ಮಾರ್ನಿ, ನಿಂದು ಯಾರಿಗೆ?” ಅಂದಳು ಬರ್ನಡೆಟ್.

ಲೂ ಆಸೆಯಿಂದ ನೋಡಿದ. ಅವನಿಗೆ ಹಾಕಿದ್ದರೆ ಸಮವಾಗಿಯೇ ಉಳಿಯುತ್ತಿತ್ತು, ಸಮವಾದರೆ ಹಳೆಯ ವಿಜೇತರೇ ಗೆದ್ದಂತೆ. ಊರಿಗೆ ಮತ್ತೆ ಪೆಂಗ್ವಿನ್. ಎಲ್ಲರಿಗೂ ಇದು ಗೊತ್ತಿತ್ತು.

ಮಾರ್ನಿ ಗ್ರೇಡಿಯನ್ನು ನೋಡಲಿಲ್ಲ. ಗೋಡೆಯನ್ನು ನೋಡುತ್ತಾ ಕೈ ಎತ್ತಿದಳು.

“ರೇಡಿಯೊದವರಿಗೆ.”

 ಆಮೇಲೆ ಆರ್ಕೇಡಿನ ಮಾಡು ಹಾರುವಷ್ಟು ಗಲಾಟೆ. ಬರ್ನಡೆಟ್ ಕಟ್ಟೆ ಬಡಿದು, “ಯಾವ ಸಿನಿಮಾ?” ಎಂದು ಕೂಗಿದಳು.

“ಆಮೇಲೆ ಹೇಳ್ತೀನಿ,” ಅಂದ ಗ್ರೇಡಿ. ಅವನು ಮಾರ್ನಿಯನ್ನೇ ನೋಡುತ್ತಿದ್ದ, ಕಣ್ಣು ತುಂಬಿ.

ಆ ಸಂಜೆ ಮಾರ್ನಿ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗಿದಳು. ಗುನುಗುತ್ತಿರುವುದು ಗೊತ್ತಾದಾಗಲೂ ನಿಲ್ಲಿಸಲಿಲ್ಲ.

*

ಬುಧವಾರ ಮಧ್ಯಾಹ್ನ ಶಾಲೆಯಿಂದ ಬರುವಾಗ ಆರ್ಕೇಡಿನ ಗಾಜಿನ ಮೇಲೆ ಪೋಸ್ಟರ್ ಕಂಡಿತು.

ನೋವಿನ ಮುಖದ ನಟ. ಅವನ ಬೆನ್ನ ಹಿಂದೆ ಸೂರ್ಯ. ‘ಕಡೆಯ ಎಸೆತ. ನಮ್ಮೂರಿನಲ್ಲೇ ತೆಗೆದ ಚಿತ್ರ. ಎಲ್ಲರೂ ಬನ್ನಿ.’

ಮಾರ್ನಿಗೆ ಕಾರು ನಿಲ್ಲಿಸಿದ್ದೂ ಇಳಿದದ್ದೂ ನೆನಪಿಲ್ಲ.  ಶುಕ್ರವಾರಗಳೆಲ್ಲ ಕಣ್ಣ ಮುಂದೆ ಬಂದವು. ಮೀನು, ನಗು, ಅರ್ಧ ಪಿರೋಗಿ… ‘ಎಲ್ಲಾ ಇದಕ್ಕಾ? ನನ್ನ ಕೈನೇ ಎತ್ತಿಸಿಬಿಟ್ನಾ? ಅಪ್ಪನ ವಿಷಯ ಅವನ ಮುಂದೆ ಬಿಚ್ಚಿಟ್ಟೆನಲ್ಲ, ಎಂಥ ಪೆದ್ದಿ ನಾನು.’

ಖಾಲಿ ಸಭಾಂಗಣದ ಮಧ್ಯದಲ್ಲಿ ಗ್ರೇಡಿ ನಿಂತಿದ್ದ. ಮೇಲಿನ ಯಂತ್ರದ ಕೋಣೆಯಲ್ಲಿ ಬರ್ನಡೆಟ್ ಏನನ್ನೋ ಸರಿಪಡಿಸುತ್ತಿದ್ದಳು.

“ಚೆನ್ನಾಗಿ ಆಡಿದ್ರಿ,” ಅಂದಳು ಮಾರ್ನಿ.  “ನಾನು ಆ ನಟನ್ನ ಬೈತಿದ್ದೆ. ನಿಮ್ಮ ಮುಂದೆ ಅವನೇನೂ ಅಲ್ಲ. ವಾರ ವಾರ ಬಂದು ಮೀನು ತಿಂದು, ಅಯ್ಯೋ ಪಾಪ ಅನ್ನೋ ಮುಖ ಮಾಡಿ… ಇಡೀ ಊರಿಗೆ ಟಾಂಟಾಂ ಮಾಡೋಕೆ ನಮ್ಮಪ್ಪನೇ ಬೇಕಿತ್ತಾ?”

“ಮಾರ್ನಿ, ಆ ಪೋಸ್ಟರ್…”

“ಏನು, ಗಾಳಿಗೆ ಹಾರಿಬಂದು ಅಂಟ್ಕೊಂಡ್ತಾ?”

“ನಾನೇ ಅಂಟಿಸಿದ್ದು ಕಣೇ,” ಮೇಲಿನ ಕಿಂಡಿಯಿಂದ ಬರ್ನಡೆಟ್ ತಲೆ ಹೊರಹಾಕಿದಳು. “ರೀಲು ತರಿಸು ಅಂದ. ಸರಿ, ಇದೇ ಸಿನಿಮಾ ಅಂತ ಹಳೇ ಪೋಸ್ಟರ್ ಹುಡುಕಿ ಹಾಕ್ಬಿಟ್ಟೆ. ಕಾಲು ಗಂಟೆಯಿಂದ ಇವನ ಹತ್ರ ಬೈಸ್ಕೊತಿದೀನಿ. ಈಗ ನೀನು ಬೇರೆ.”

“ಊರಿಗೆ ತೋರಿಸೋದು ಪೆಂಗ್ವಿನ್,” ಅಂದ ಗ್ರೇಡಿ ಮೆಲ್ಲಗೆ. “ಆವತ್ತೇ ತೀರ್ಮಾನ ಮಾಡಿದ್ದೆ. ಈ ರೀಲು ನಿಮ್ಮೊಬ್ಬರಿಗೆ. ಅದೂ ನೀವು ಬೇಕು ಅಂದ್ರೆ. ಬೇಡ ಅಂದ್ರೆ ಡಬ್ಬಿ ಮುಚ್ಚಿ ವಾಪಸ್ ಕಳಿಸ್ತೀನಿ, ಮತ್ತೆ ಈ ಮಾತು ಎತ್ತಲ್ಲ.”

“ಓಹೋ. ಎಷ್ಟು ದೊಡ್ಡ ಮನಸ್ಸು,” ಅಂದಳು ಮಾರ್ನಿ. ಅವಳು ತಿರುಗಿ ಬಾಗಿಲಿನತ್ತ ನಡೆದಳು.

“ಎಸೆಯೋಕೆ ಮುಂಚೆ ನೀವು ಕೈಗವಸಲ್ಲಿ ಮುಖ ಮುಚ್ಕೊಳ್ತೀರಲ್ಲ,” ಹಿಂದಿನಿಂದ ಗ್ರೇಡಿ ಅಂದ. “ಯಾಕೆ ಅಂತ ಅಪ್ಪ ಹೇಳ್ಲಿಲ್ಲ ಅಂದ್ರಿ. ಅದು ಯಾಕೆ ಅಂತ ಇದರಲ್ಲಿದೆ. ನಾನು ಬಾಯಲ್ಲಿ ಹೇಳಬಹುದು. ಹೇಳಿದ್ರೆ ಅದು ಬರೀ ರೇಡಿಯೊ ಆಗುತ್ತೆ.”

ಮಾರ್ನಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಹೋಗಬೇಕೆಂದೇ ಇದ್ದಳು. 

“ಶಬ್ದ ಬೇಡ,” ಅಂದಳು ಕೊನೆಗೆ, ತಿರುಗದೆ. “ಆ ಪಿಟೀಲು ಕೇಳೋಕೆ ನನ್ನ ಕೈಲಾಗಲ್ಲ.”

ದೀಪ ಆರಿತು.

ನಟ ಬಂದ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ನಿಂತು ದವಡೆ ಬಿಗಿದ. “ಮಲಬದ್ಧತೆ,” ಅಂದಳು ಮಾರ್ನಿ ಕತ್ತಲಲ್ಲಿ. ಪಕ್ಕದ ಸೀಟಿನಲ್ಲಿ ಗ್ರೇಡಿ ಉಸಿರು ಬಿಗಿಹಿಡಿದ. ಮುಖ ಹೋಯಿತು. ಬೇರೊಬ್ಬನ ಬೆನ್ನು ಬಂತು.

ಮಾರ್ನಿ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ಬೆನ್ನು ಅವಳಿಗೆ ಗೊತ್ತಿತ್ತು. ಹಿತ್ತಲಿನ ಬೇಲಿಯ ಹತ್ತಿರ ಬಾಗಿ ನಿಲ್ಲುತ್ತಿದ್ದ ಬೆನ್ನು. ಇಲ್ಲಿ ಅದು ಬಾಗಿರಲಿಲ್ಲ. ಕಾಲು ಎದ್ದಿತು, ಬಲತೋಳು ಹಿಂದಕ್ಕೆ ಹೋಗಿ ಅಡ್ಡಿಯಿಲ್ಲದೆ ತಲೆಯ ಮೇಲಿಂದ ಇಳಿಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ನೋಯಲಿಲ್ಲ. ಅಪ್ಪ ಅರ್ಧ ತೋರಿಸಿ ಬಿಟ್ಟದ್ದರ ಇನ್ನರ್ಧ ಹೀಗಿತ್ತು…

ಮತ್ತೆ ನಟನ ಮುಖ. ಆಮೇಲೆ ಪಕ್ಕದಿಂದ ತೆಗೆದ ಒಂದು ದೃಶ್ಯ. ಕೈಗವಸು ಮೇಲೆ ಹೋಗಿ ಮುಖ ಮುಚ್ಚಿತು. ಮುಖ ಮುಚ್ಚಿರುವುದರಿಂದ ಯಾರೆಂದು ಗೊತ್ತಾಗುವುದಿಲ್ಲ ಎಂದು ಅವರು ಅದನ್ನು ಕತ್ತರಿಸದೆ ಬಿಟ್ಟಿರಬೇಕು. ಆದರೆ ಪಕ್ಕದಿಂದ ಕಾಣುತ್ತಿತ್ತು. ಗವಸಿನ ಹಿಂದೆ ಆ್ಯಂಡಿ ಹುದಾಕ್ ನಗುತ್ತಿದ್ದ.

ತಡೆಯಲಾಗದ ನಗು. ಮುಂದೆ ಏನು ಬರಲಿದೆಯೋ ಬ್ಯಾಟಿನವನಿಗೆ ಗೊತ್ತಿಲ್ಲ, ತನಗೆ ಗೊತ್ತು ಎಂಬ ನಗು. ಅದನ್ನು ಬಚ್ಚಿಡಲಿಕ್ಕೇ ಆ ಗವಸು.

 ಅವಳು ಇಷ್ಟು ವರ್ಷ ಮುಖ ಮುಚ್ಚಿದ್ದಳು, ಒಳಗೆ ನಗಬೇಕೆಂದು ಯಾರೂ ಹೇಳಿರಲಿಲ್ಲ. ಅನ್ಯಾಯಕ್ಕೊಳಗಾದ ಅಪ್ಪನನ್ನೇ ಅವಳು ಹೊತ್ತು ತಿರುಗಿದ್ದಳು. ಆ ಅಪ್ಪನಿಗೆ ಅನ್ಯಾಯವಾದದ್ದು ನಿಜ. ಆ ದಿನ ಅವನು ಸುಖವಾಗಿದ್ದದ್ದೂ ನಿಜ.

“ಇನ್ನೊಂದ್ಸಲ,” ಅಂದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಬರ್ನಡೆಟ್, ಇನ್ನೊಂದ್ಸಲ ಹಾಕು.”

ಮಾರ್ನಿ ಸಾಕು ಅನ್ನುವವರೆಗೂ ಬರ್ನಡೆಟ್ ಹಾಕುತ್ತಲೇ ಇದ್ದಳು. ದೀಪ ಬಂದಾಗ ಮಾರ್ನಿ ಮೂಗೊರೆಸಿಕೊಂಡು ಎದ್ದಳು.

“ಊರಿಗೂ ಇದನ್ನೇ ಹಾಕು,” ಅಂದಳು ಮೇಲೆ ನೋಡಿ. “ಶಬ್ದ ಇಲ್ದೆ. ಅಪ್ಪ ಬಂದಾಗ ಯಾರಾದ್ರೂ ಹೆಸರು ಕೂಗಿ ಹೇಳ್ಬೇಕು.”

“ಯಾರು ಹೇಳ್ತಾರೆ?”

“ಇದಾನಲ್ಲ, ಬಾಯಿ ಬಡ್ಕೊಳ್ಳೋದೇ ಕೆಲಸ ಇರೋನು.” ಅವಳು ಗ್ರೇಡಿಯತ್ತ ತಿರುಗಿದಳು. “ನೀನು ಹೇಳು.”

ಗ್ರೇಡಿ ಆ ‘ನೀನು’ ಕೇಳಿಸಿಕೊಂಡ. “ಹೇಳ್ತೀನಿ,” ಅಂದ.

*

ಋತುವಿನ ಮೊದಲ ಆಟದ ಹಿಂದಿನ ಮಧ್ಯಾಹ್ನ, ಊರೆಲ್ಲ ಸಿನಿಮಾ ನೋಡಿ ಆ್ಯಂಡಿಯ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ ಮೇಲೆ, ಮಾರ್ನಿ ಗ್ರೇಡಿಯನ್ನು ಖಾಲಿ ಮೈದಾನಕ್ಕೆ ಕರೆದೊಯ್ದಳು. ಹಿಮ ಕರಗಿ ಹುಲ್ಲು ಇಣುಕುತ್ತಿತ್ತು. ಅವಳು ಒಂದು ಬ್ಯಾಟನ್ನು ಅವನ ಕೈಗಿಟ್ಟಳು.

“ಅಲ್ಲಿ ನಿಂತ್ಕೋ.”

“ಯಾಕೆ?”

“ಬಾಕಿ ಇದೆ, ಮರೆತುಹೋಯ್ತಾ?”

ಗ್ರೇಡಿ ಮುಖ ಸಣ್ಣ ಮಾಡಿದ. “ಅದು ಚುಕ್ತಾ ಆಯ್ತು ಅನ್ಕೊಂಡಿದ್ದೆ.”

“ಅತ್ತಿದ್ದು ನಾನು. ನಿಂದೇನು ಚುಕ್ತಾ? ಕೋಟು ಹಾಕ್ಕೊಂಡಿದೀಯಲ್ಲ, ಸಾಯಲ್ಲ, ನಿಲ್ಲು.”

ಅವನು ನಿಂತ. ಅವಳು ದಿಬ್ಬದ ಮೇಲೆ ಹೋಗಿ ಕೈಗವಸನ್ನು ಮೇಲೆತ್ತಿದಳು. ಮುಖ ಮುಚ್ಚಿತು, ಕಣ್ಣು ಮಾತ್ರ ಕಾಣು‌ತ್ತಿತ್ತು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತೋಳು ಬೀಸಿದಳು.

ಬಾಲ್ ಪಕ್ಕೆಯ ಕೆಳಗಿನ ಮೆತ್ತನೆಯ ಜಾಗಕ್ಕೆ ಸರಿಯಾಗಿ ಬಿತ್ತು. ಗ್ರೇಡಿಯ ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಬ್ಯಾಟ್ ಕೆಳಗಿಟ್ಟ. ತಿಕ್ಕಿಕೊಳ್ಳಲಿಲ್ಲ. ಕೈಗಳನ್ನು ಬಿಗಿಯಾಗಿ ಇಳಿಬಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮೊದಲ ಬೇಸ್‌ನತ್ತ ನಡೆದ.

ಅವನು ತಲುಪುವಷ್ಟರಲ್ಲಿ ಮಾರ್ನಿ ಅಲ್ಲಿದ್ದಳು.

“ಗವಸಿನ ಹಿಂದೆ ನಗ್ತಿದ್ಯಾ?” ಎಂದು ಕೇಳಿದ.

“ನಗ್ತಿದ್ದೆ.”

“ಹಾಗಾದ್ರೆ ಹೊಡೆಸ್ಕೊಂಡಿದ್ದು ಸಾರ್ಥಕ.”

ಮಾರ್ನಿ ಕಾಲಿನಿಂದ ಮಣ್ಣು ಕೆದಕಿದಳು. ತಾನು ಬೈದ ಸಿನಿಮಾಗಳಲ್ಲೆಲ್ಲ ಈ ಗಳಿಗೆಯಲ್ಲಿ ಪಿಟೀಲು ಬರುತ್ತಿತ್ತು ಎಂದು ನೆನಪಾಯಿತು. ಇಲ್ಲಿ ದೂರದಲ್ಲಿ ಒಂದು ಲಾರಿ ಹಾದುಹೋಯಿತು.

“ಒಂದು ಅದಲು ಬದಲು ಇದೆ,” ಅಂದಳು. “ಹ್ಯಾರಿಗನ್‌ನ ನನಗೆ ಕೊಡು. ಮುಖ ನೀನೇ ಇಟ್ಕೋ, ತೋಳು ಸಾಕು.”

“ಬದಲಿಗೆ ಯಾರನ್ನ ಕೊಡ್ತೀಯ?”

“ಒಬ್ಳಿದಾಳೆ. ಬಾಯಿ ಕೆಟ್ಟದ್ದು. ಸಿಟ್ಟು ಮೂಗಿನ ತುದಿಯಲ್ಲಿ. ಸಿನಿಮಾ ಕಂಡ್ರೆ ಆಗಲ್ಲ.”

“ಯಾವ ಸಿನಿಮಾದವಳು?”

“ಸಿನಿಮಾದವಳಲ್ಲ.” ಅವಳ ದನಿ ಸಣ್ಣಗಾಯಿತು. “ನಿಜವಾದವಳು. ನಿನ್ನ ಕಂಡ್ರೆ ಇಷ್ಟ ಅವಳಿಗೆ. ಹೇಳೋಕೆ ಬರಲ್ಲ, ಬೈತಾಳೆ.”

“ಇಡೀ ತಂಡ ತಗೋ,” ಅಂದ ಗ್ರೇಡಿ. ಮತ್ತೇನೋ ಹೇಳಲು ಹೋಗಿ ನೋವಿಗೆ ಬಾಗಿದ, ಕೈ ತಾನಾಗಿ ಪಕ್ಕೆಯತ್ತ ಹೋಯಿತು.

ಮಾರ್ನಿ ಆ ಕೈಯನ್ನು ಹಿಡಿದು ತಡೆದಳು.

“ತಿಕ್ಕೋಬಾರದು. ನಿಯಮ.”

“ತುಂಬಾ ನೋಯ್ತಿದೆ ಮಾರ್ನಿ.”

“ಗೊತ್ತು.” ಅವಳು ಕೈಗವಸನ್ನು ಕಳಚಿ ಹುಲ್ಲಿನ ಮೇಲೆ ಬಿಟ್ಟು, ತನ್ನ ಅಂಗೈಯನ್ನು ಅವನ ಪಕ್ಕೆಯ ಮೇಲಿಟ್ಟು ಮೆಲ್ಲಗೆ ತಿಕ್ಕತೊಡಗಿದಳು. “ನೀನು ತಿಕ್ಕೋಬಾರದು ಅಂತ ಇದೆ. ನಾನು ತಿಕ್ಕಬಾರದು ಅಂತ ಎಲ್ಲೂ ಇಲ್ಲ.”